ಹನ್ನೆರಡು ಮಾರಿನ ದನಿ
ನಮ್ಮ ಮಧುರೆ ಹಳ್ಳಿಯ ಟಪಾಲು ಶೇಷಾಚಲಯ್ಯನವರು ದನಿ ಎತ್ತಿದರೆ ಮರದ ಕಾಗೆಗಳು ಹಾರಿಹೋಗುತ್ತವೆ. ಊರಾಚೆಯ ಕೇರಿಗೆ ಕಾಲಿಟ್ಟರೆ ಮೈಲಿಗೆಯೆಂದು ಹನ್ನೆರಡು ಮಾರು ದೂರದಲ್ಲೇ ನಿಂತು, ಓದುಬಾರದವರ ಕಾಗದಗಳನ್ನು ಕೂಗಿ ಓದಿ, ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಆ ಹನ್ನೆರಡನ್ನು ಅಳೆದವರು ಯಾರೋ ಕಾಣೆ. ಯಾರ ಸೊಸೆ ಬಸುರಿ, ಯಾರಿಗೆ ಕೆಮ್ಮು, ಎಲ್ಲವೂ ಕೇರಿಗೆಲ್ಲ ಗೊತ್ತು. ಬರ್ಮಾ ಯುದ್ಧಕ್ಕೆ ಹೋದ ಮಗನ ಕಾಗದ ಬಂದಾಗಲಂತೂ "ಪಿಳ್ಳಮ್ಮಾ, ನಿನ್ ಮಗ ಚೆನ್ನಾಗಿದಾನಂತೆ ಕಣೇ!" ಎಂದು ಕೂಗಿ ಅವಳಿಗಿಂತ ತಾವೇ ಹೆಚ್ಚು ಹಿಗ್ಗುತ್ತಾರೆ. ಇವತ್ತು ಆ ಮಗ ಸತ್ತನೆಂಬ ತಂತಿ ಬಂದಿದೆ. ಕೂಗಿ ಹೇಳುವ ಮಾತಲ್ಲ ಅದು. ಹತ್ತಿರ ಹೋಗಿ ಹೇಳಲು ಕಾಲು ಏಳುತ್ತಿಲ್ಲ. ತುಟಿ ಮಾತ್ರ ಅಲುಗುತ್ತಿದೆ. ಅತ್ತ ಪಿಳ್ಳಮ್ಮ ಕಿವಿಗೆ ಕೈ ಆನಿಸಿ ನಗುತ್ತಿದ್ದಾಳೆ: "ಕೇಳುಸ್ತಿಲ್ಲ ಬುದ್ದೀ, ವಸಿ ಜೋರಾಗಿ ಕೂಗಿ!"