ಆತ್ಯಾ ಏರದ ಬಸ್ಸು

ನಮ್ಮ ಮನೆಯಲ್ಲಿ ಗಾಡಿಯ ಹುಚ್ಚು ಇದ್ದದ್ದು ಗಂಡಸರಿಗಲ್ಲ, ನನ್ನ ಆತ್ಯಾಗೆ. ಅಪ್ಪನ ಅಕ್ಕ ಅವಳು. ಮೂಡಲಗಿಯ ನಮ್ಮಂಥ ಜೈನ ಮನೆಗಳಲ್ಲಿ ಮರಾಠಿಯ ಸಹವಾಸದಿಂದ ಸೋದರತ್ತೆಯನ್ನು ಹಾಗೆ ಕರೆಯುತ್ತಿದ್ದರು. ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ನನ್ನ ಮೊದಲ ವಾಹನ ಆ ಸೊಂಟವೇ.

ಗೋಕಾಕದ ಸಂತೆಗೆ ಚಕ್ಕಡಿ ಹೊರಟರೆ ಅವಳು ಹಿಂದೆ ಹೆಂಗಸರ ಜೊತೆ ಕೂರುತ್ತಿರಲಿಲ್ಲ. ಮುಂದೆಯೇ ಕೂತು, "ಈ ಗಾಲಿ ಯಾಕ ಚೀರತೈತಿ? ಆ ಎತ್ತ ಯಾಕ ಹಿಂದ ಬೀಳತೈತಿ?" ಎಂದು ಹೊಡೆಯುವವನ ತಲೆ ತಿನ್ನುತ್ತಿದ್ದಳು. ಈಗ ಘಟಪ್ರಭಾ ಎನ್ನುವ ಸ್ಟೇಷನ್ನಿಗೆ ಆಗ ಗೋಕಾಕ ರೋಡ್ ಎಂದು ಹೆಸರು. ಅಲ್ಲಿಂದ ಒಮ್ಮೆ ಮಿರಜಿಗೆ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ತಲೆಯನ್ನು ಕಿಟಕಿಯೊಳಗೆ ತರಲಿಲ್ಲ. ಕಲ್ಲಿದ್ದಲ ಕಿಡಿ ಬಿದ್ದ ಕಣ್ಣು ಎರಡು ದಿನ ಕೆಂಪಗಿತ್ತು.

ನನಗೆ ಹನ್ನೆರಡಾದಾಗ ಊರಿಗೆ ದಿಗಂಬರ ಮುನಿಗಳೊಬ್ಬರು ಬಂದರು. ಹೆಂಗಸರೆಲ್ಲ ಅವರೆದುರು, ಏನಾದರೊಂದನ್ನು ಜೀವ ಇರುವತನಕ ಬಿಡುವ ನೇಮ ಹಿಡಿದರು. ನಮ್ಮ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಹಾಗಲಕಾಯಿ ಬಿಟ್ಟಳು. ಅವಳು ಅದನ್ನು ತಿಂದದ್ದನ್ನು ಯಾರೂ ಕಂಡಿರಲಿಲ್ಲ. ಆತ್ಯಾಗೆ ಮುನಿಗಳು, ನಿನಗೆ ಬಹಳ ಪ್ರೀತಿಯದನ್ನು ಬಿಡು ಎಂದರು. ಅವಳು ಕೈ ಮುಗಿದು, "ಗಾಲಿ ಇದ್ದದ್ದನ್ನ ಇನ್ನ ಏರೂದಿಲ್ರಿ" ಎಂದಳು. ನನಗೆ ಮುನಿಗಳ ಮೇಲೂ ಸಿಟ್ಟು ಬಂತು, ಅವಳ ಮೇಲೂ ಬಂತು.

ಮುಂದೆ ನನ್ನನ್ನು ಹುಕ್ಕೇರಿಗೆ ಕೊಟ್ಟರು. ಅಷ್ಟೊತ್ತಿಗೆ ನಮ್ಮ ಕಡೆ ಬಸ್ಸು ಬಂದಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ನಮ್ಮ ಪದ್ಧತಿಯಂತೆ ಕೂಸಿಗೆ ಐದು ತಿಂಗಳಾದಾಗ ತಾಯಿಯಾದವಳು ಬಾಣಂತಿ ಮಗಳನ್ನು ಗಂಡನ ಮನೆ ಮುಟ್ಟಿಸಿ, ಅಲ್ಲಿ ತನ್ನ ಕೈಯಾರೆ ತೊಟ್ಟಿಲು ಕಟ್ಟಬೇಕು. ನನಗೆ ತಾಯಿ ಎಂದರೆ ಆತ್ಯಾ. ಅವಳೇ ಬರಬೇಕೆಂದು ನನ್ನ ಹಟ.

"ನನಕಿಂತ ನಿನ್ನ ನೇಮ ದೊಡ್ಡದೇನ?" ಎಂದು ಕೇಳಿಯೇಬಿಟ್ಟೆ. ಹೊರಡುವ ಹಿಂದಿನ ದಿನ ನಸುಕಿನಲ್ಲಿ ಎದ್ದರೆ ಅವಳು ಮನೆಯಲ್ಲೇ ಇಲ್ಲ. ಮುಖ ತಪ್ಪಿಸಿಕೊಂಡಳು ಎಂದು ತಿಳಿದು ಬಿಕ್ಕಿ ಬಿಕ್ಕಿ ಅಳು ಬಂತು.

ಮರುದಿನ ಕಾಕಿಯ ಜೊತೆ ಬಸ್ಸು ಹತ್ತಿದೆ. ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸಿನ ಹಿಂದಿನ ಮೂಲೆಗೆ ಇದ್ದಿಲು ಉರಿಸುವ ಡ್ರಮ್ಮು ಕಟ್ಟಿದ್ದರು, ಆ ಹೊಗೆಯಿಂದಲೇ ಎಂಜಿನ್ ಓಡಬೇಕು. ಗೋಕಾಕ ರೋಡ್ ದಾಟಿ ಹುಕ್ಕೇರಿಯ ದಾರಿಯಲ್ಲಿ ಒಂದು ಏರಿಗೆ ಅದು ನಿಂತೇಬಿಟ್ಟಿತು. ಬಾಣಂತಿಯೆಂದು ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ನೂಕಲು ಇಳಿಸಿದರು. ಹಿಂದಿನ ಕಿಟಕಿಯಿಂದ ನೋಡಿದರೆ, ತಲೆಯ ಮೇಲೆ ಗಂಟು ಹೊತ್ತು ಆತ್ಯಾ ಹೊಲದ ಕಾಲುದಾರಿಯಿಂದ ಏರು ಹತ್ತಿ ಬರುತ್ತಿದ್ದಾಳೆ!

ಬಂದವಳು ಮೊದಲು ನೋಡಿದ್ದು ನನ್ನನ್ನಲ್ಲ, ಡ್ರಮ್ಮನ್ನು.

"ಬೆಂಕಿ ಹಿಂದ ಐತಿ, ಎಂಜಿನ್ ಮುಂದ ಐತಿ. ಹೊಗಿ ಹೆಂಗ ಹೋಗತೈತ್ರಿ?"

"ದೂರ ನಿಲ್ರಿ ಅವ್ವಾರ, ಸುಡತೈತಿ," ಎನ್ನುತ್ತಲೇ ಡ್ರೈವರ್ ಕೊಳವೆ ತೋರಿಸಿದ. ಅದನ್ನು ತುದಿಯ ತನಕ ನೋಡಿ ಮುಗಿಸಿದ ಮೇಲೆ ಅವಳು ನನ್ನ ಕಿಟಕಿಗೆ ಬಂದಳು.

"ನೀ ಮುಟ್ಟೂದರಾಗ ನಾ ಹುಕ್ಕೇರ್‍ಯಾಗ ಇರಬೇಕಂತ ಮಾಡಿದ್ದೆ. ಕಾಲ ಸೋತ್ವು. ಹೇಳಿದ್ರ ನೀವ್ಯಾರೂ ಬಿಡತಿರಲಿಲ್ಲ."

"ಉಳಿದದ್ದು ಎರಡ ಹರದಾರಿ. ಏರ ಆತ್ಯಾ, ಕೈ ಮುಗಿತೇನಿ."

"ಏರೂದಿಲ್ಲ ಅಂದೇನಿ. ನೂಕೂದಿಲ್ಲ ಅಂದಿಲ್ಲ," ಎಂದು ಗಂಟು ಕೆಳಗಿಟ್ಟು, ಸೆರಗು ಬಿಗಿದು ಗಂಡಸರ ನಡುವೆ ಕೈ ಹಚ್ಚಿದಳು.

ಬಸ್ಸು ಕೆಮ್ಮುತ್ತ ಹೊರಟಿತು. ನಿಲ್ಲಿಸಿದರೆ ಮತ್ತೆ ಹೊರಡದು ಎಂದು ಡ್ರೈವರ್ ನಿಧಾನಿಸಲೂ ಇಲ್ಲ. ನೂಕಿದವರೆಲ್ಲ ಓಡಿ ಬಂದು ಹತ್ತಿಕೊಂಡರು, ಕಾಕಿಯನ್ನು ಎಳೆದು ಹಾಕಿಕೊಂಡರು. ಆತ್ಯಾ ಒಬ್ಬಳೇ ಧೂಳಿನಲ್ಲಿ ನಿಂತು ನಗುತ್ತಿದ್ದಳು. ನಾನು ಅವಳಿಗೆ ಅಂದ ಮಾತು ನೆನೆದು ನನಗೆ ನಾಚಿಕೆಯಾಯಿತು.

ಸಂಜೆ ಬಂದು ಮುಟ್ಟಿದಳು. ಕಾಲು ತೊಳೆದವಳೇ ತೊಟ್ಟಿಲು ಕಟ್ಟಿದಳು, ಕೂಸನ್ನು ಹಾಕಿದಳು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು: "ಒಳಗ ಕುಂತ್ರ ಹೆಂಗ ಇರತೈತಿ?"

"ಏನ ಇರತೈತಿ, ಬರೇ ಹೊಗಿ. ಹೊಟ್ಟಿ ತೊಳಸತೈತಿ," ಎಂದೆ.

"ಸುಳ್ಳ ಹೇಳಬ್ಯಾಡ. ನಾ ಬಿಟ್ಟದ್ದು ಎಷ್ಟಂತ ನನಗ ತಿಳೀಬೇಕಲ್ಲ."

ಆಗ ಖರೆ ಹೇಳಿದೆ. ಇಳಿಜಾರಿನಲ್ಲಿ ಹೊಟ್ಟೆ ಹಗುರಾದದ್ದು, ಮರಗಳು ಹಿಂದಕ್ಕೆ ಓಡಿದ್ದು, ಗಾಳಿಗೆ ಕೂಸು ಉಸಿರು ಹಿಡಿದು ಆಮೇಲೆ ಕಿಲಕಿಲ ನಕ್ಕದ್ದು, ಒಂದನ್ನೂ ಬಿಡಲಿಲ್ಲ. ಬೊಬ್ಬೆಯೆದ್ದ ಅಂಗಾಲು ಒತ್ತಿಕೊಳ್ಳುತ್ತ, ಕಣ್ಣು ಮುಚ್ಚಿ ಕೇಳಿದಳು.

ಮುಗಿಸಿದೆ. ಅವಳು ಕಣ್ಣು ತೆರೆಯಲಿಲ್ಲ.

"ಇನ್ನೊಮ್ಮೆ ಹೇಳು," ಎಂದಳು.