ಪೆನ್ಸಿಲ್ ಕಸಿಯುವ ಅಟೆಂಡರ್

ಮಂಗಳೂರಿನ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಉರ್ವದಿಂದ ಮೊದಲ ಬಸ್ಸಿಗೇ ಬಂದು, ತೊಳೆದ ಫ್ಲಾಸ್ಕುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಬಿಸ್ಕತ್ತಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ನಮ್ಮೆಲ್ಲರ ಪೆನ್ಸಿಲ್ ಕಸಿದುಕೊಳ್ಳುತ್ತಿದ್ದರು. ರೀಡಿಂಗನ್ನು ಪೆನ್ಸಿಲಿನಲ್ಲಿ ಬರೆದು, ಸರಿಯುತ್ತರಕ್ಕೆ ಹೊಂದುವಂತೆ ಅಳಿಸಿ ತಿದ್ದುವುದು ನಮಗೆ ಕರಗತವಾಗಿತ್ತು.

“ಬಂದದ್ದು ಬರಿ ಮಾರಾಯ್ತಿ,” ಎನ್ನುತ್ತಿದ್ದರು.

ಒಮ್ಮೆ ನನ್ನ ರೀಡಿಂಗ್ ಯಾರದಕ್ಕೂ ಹೊಂದದೆ ಅಳು ಬಂತು. “ಅಣ್ಣಾ, ಇವತ್ತೊಂದು ದಿನ ಪೆನ್ಸಿಲ್ ಕೊಡಿ, ಮಾರ್ಕ್ ಹೋಗ್ತದೆ,” ಎಂದೆ. ಅವರು ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇನ್ನೊಂದು ಫ್ಲಾಸ್ಕ್ ತೊಳೆದುಕೊಟ್ಟರು. “ಪುನಃ ಮಾಡು. ಟೈಮ್ ಉಂಟಲ್ಲ, ಎಂತ ಹೆದರಿಕೆ?”

ಮತ್ತೆಯೂ ಅದೇ ಬಂತು. ಅದನ್ನೇ ಬರೆದೆ. ಮಾರ್ಕೂ ಹೋಯಿತು.

ಈಗ ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೊದಲ ವರ್ಷವಿಡೀ ನನ್ನ ಪ್ರಯೋಗ ಗೈಡ್ ನಿರೀಕ್ಷಿಸಿದ ಉತ್ತರ ಕೊಡಲೇ ಇಲ್ಲ. ಊರಿಗೆ ವಾಪಸ್ ಕಳಿಸುತ್ತಾರೆಂಬ ಭಯದಲ್ಲೇ ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ. ಅವರು ಪುಟ ಪುಟವನ್ನೂ ನೋಡಿ, ಕೊನೆಗೆ ಬೋರ್ಡಿನ ಮೇಲಿದ್ದ ತಮ್ಮ ಊಹೆಯನ್ನೇ ಅಳಿಸಿಹಾಕಿದರು.

“ಇಷ್ಟು ಕಷ್ಟಪಡುವ ಬದಲು ನೀನೇ ಅಂಕಿಗಳನ್ನು ತಿದ್ದಬಹುದಿತ್ತಲ್ಲ?” ಎಂದು ನಕ್ಕರು.

“ನನ್ನ ಪೆನ್ಸಿಲ್ ಮಂಗಳೂರಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ,” ಎಂದೆ.