ಹೋರಿಯ ಹಿಂಭಾಗದ ಅಳತೆ

ಮಾನ್ಯ ಓದುಗರಲ್ಲಿ ವಿನಯಪೂರ್ವಕ ಅರಿಕೆ. ಈ ದಿನ ಬೆಳಿಗ್ಗೆ ರವಿಕೆ ಹೊಲಿಯಲು ಅಳತೆ ಟೇಪನ್ನು ಕೈಗೆತ್ತಿಕೊಂಡಾಗ ಕೊಟ್ಟಿಗೆಯ ವಾಸನೆ ಬಂದಂತಾಯಿತು. ಸೋಪು ಹಾಕಿ ಎಷ್ಟೋ ಸಲ ತೊಳೆದ ಟೇಪು. ವಾಸನೆ ನೆನಪಿನದೇ ಇರಬೇಕೆಂದು ಭಾವಿಸಿ, ಸದರಿ ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಬರೆಯುವುದು ಇದೇ ಮೊದಲು, ತಪ್ಪಿದ್ದಲ್ಲಿ ಮನ್ನಿಸಬೇಕು.

ನಿಟ್ಟೂರಿನ ಸಮೀಪದ ಈ ಮನೆಗೆ ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮಲ್ಲೊಂದು ಮಲೆನಾಡು ಗಿಡ್ಡ ಹೋರಿಯಿತ್ತು. ಕೇರಿಯಲ್ಲೇ ಹೆಚ್ಚು ಹಾಲು ಕೊಡುತ್ತಿದ್ದ ಕೆಂಪಿ ಎಂಬ ಹಸುವಿನ ಮಗ. ಕೆಂಪಿ ಹಾವು ಕಚ್ಚಿ ಸತ್ತಿದ್ದಳು. ಅವಳ ವಂಶ ಉಳಿಯುವುದಿದ್ದರೆ ಇವನೊಬ್ಬನಿಂದಲೇ. ಹೀಗಿರುವಾಗ ಮಾವನವರು ಅವನ ಬೀಜ ಒಡೆಸಿ ಗದ್ದೆ ಹೂಡಲು ಕಟ್ಟುವುದೆಂದು ತೀರ್ಮಾನಿಸಿದರು.

ಕಾರಣ, ಎದೆಯ ಸುತ್ತಳತೆ. ನಮ್ಮ ಕಡೆ ಹೋರಿ ನೋಡುವ ಕ್ರಮವೇ ಹಾಗೆ. ಹಿರಿಯರು ಎದುರಿಗೆ ನಿಂತು ಡುಬ್ಬ, ಭುಜ ನೋಡಿ, ಎದೆಗೆ ಹಗ್ಗ ಸುತ್ತಿ ಅಳೆಯುತ್ತಾರೆ. ಹೆಂಗಸರಿರುವ ಅಂಗಳದಲ್ಲಿ ಹೋರಿಯ ಹಿಂದಕ್ಕೆ ಹೋಗುವುದು ಮರ್ಯಾದೆಯಲ್ಲ. ವರನನ್ನು ನೋಡುವಾಗಲೂ ಮೀಸೆ ದಾಟಿ ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ. ಆ ವಿಷಯ ಇಲ್ಲಿ ಅಪ್ರಸ್ತುತ.

"ಈ ಎದೇಲಿ ಎಂಥ ಕರು ಹುಟ್ತದೆ? ಮೊಲಾನಾ?" ಎಂದರು ಮಾವ.

"ಡಾಕ್ಟ್ರು ಒಂದ್ಸಲ ನೋಡ್ಲಿ ಮಾವ. ಆಮೇಲೆ ನಿಮ್ಮಿಷ್ಟ."

ಹೊಸ ಸೊಸೆಗೆ ಅಷ್ಟು ಮಾತೇ ಜಾಸ್ತಿ. ಆದರೂ ಕೊಟ್ಟಿಗೆಯ ಬಾಗಿಲಿನಿಂದ ನಾನು ಕದಲಲಿಲ್ಲ.

ಬೀಜ ಒಡೆಯಲೆಂದೇ ಕರೆಸಿದ್ದ ಪಶುವೈದ್ಯರು ಇಕ್ಕಳ ಹಿಡಿದು ಬಂದರು. ನಾನು ಬಾಗಿಲಲ್ಲೇ ನನ್ನ ಅರಿಕೆ ಮಂಡಿಸಿದೆ.

"ಹೌದು ಯಜಮಾನ್ರೇ, ಎದೆ ಅಳತೆ ತೂಕ ಹೇಳ್ತದೆ ಅಷ್ಟೇ. ಕರು ವಿಷಯಕ್ಕೆ ಹಿಂದೆ ಅಳೀಬೇಕು," ಎಂದ ವೈದ್ಯರು, ಎರಡೂ ಕೈಗಳಿಂದ ಹೋರಿಯ ಬೀಜಗಳನ್ನು ಕೆಳಕ್ಕೆ ಒತ್ತಿ ಹಿಡಿದರು. "ಯಾರಾದ್ರೂ ಟೇಪ್ ಸುತ್ತಿ."

ನನ್ನ ಪತಿ ಮೂಗುದಾರ ಹಿಡಿದಿದ್ದರು. ಮಾವನವರ ಕಣ್ಣಿಗೆ ಅಂಕಿ ಕಾಣುತ್ತಿರಲಿಲ್ಲ. ಟೇಪು ನನ್ನ ಹೊಲಿಗೆ ಪೆಟ್ಟಿಗೆಯಲ್ಲಿತ್ತು. ತಂದೆ, ಸುತ್ತಿದೆ. ಮಾವನವರು ಗೋಡೆಯತ್ತ ತಿರುಗಿ ನಿಂತರು.

"ಬಿಗಿ ಎಳೀಬೇಡಿ ಅಮ್ಮಾ, ರವಿಕೆ ಅಲ್ಲ ಅದು," ಎಂದರು ವೈದ್ಯರು.

"ಬೇಗ ಓದೇ ಮಾರಾಯ್ತಿ! ಇವ್ನು ನನ್ನ ತುಳೀತಾನೆ," ಎಂದರು ಪತಿ.

ಕೇರಿಗೇ ಕೇಳುವಂತೆ ಓದಿದೆ.

"ಹೆಂಗಂತೆ?" ಗೋಡೆಯ ಕಡೆಯಿಂದ ಮಾವನ ದನಿ.

"ಈ ಪ್ರಾಯಕ್ಕೆ ಒಳ್ಳೇ ಅಳತೆ. ಆದ್ರೆ ಅಳತೆ ಬರೀ ಭರವಸೆ. ಹಸು ಗಬ್ಬ ಆದ್ಮೇಲೇ ಖಾತ್ರಿ," ಎಂದರು ವೈದ್ಯರು.

ಮಾವನವರು ಇತ್ತ ತಿರುಗದೆಯೇ ಹೇಳಿದರು: "ಇಕ್ಕಳ ಒಳಗಿಡಿ ಡಾಕ್ಟ್ರೇ. ಚಾ ಕುಡ್ಕೊಂಡು ಹೋಗಿ."

ಕೇರಿಯ ಹಸುಗಳು ಗಬ್ಬವಾದವು. ಮೊದಲ ಹೆಣ್ಣು ಕರುವನ್ನು ಮಾವನವರೇ ಎತ್ತಿ ತಂದು, ಮೊಲಕ್ಕಿಂತ ಸ್ವಲ್ಪ ದೊಡ್ಡದೆಂದು ಒಪ್ಪಿಕೊಂಡರು.

ಇಷ್ಟು ಬರೆಯುವಷ್ಟರಲ್ಲಿ ಪಕ್ಕದೂರಿನವರೊಬ್ಬರು ಹೋರಿ ನೋಡಲು ಬಂದಿದ್ದಾರೆ. ಈಗಿರುವವನು ಆ ಹೋರಿಯ ಮೊಮ್ಮಗ. ಎದುರಿಗೆ ನಿಂತು, "ಎದೆ ಸಣ್ಣದಾಯ್ತಲ್ಲ ಅಕ್ಕಾ. ಮನೇಲಿ ಗಂಡಸ್ರು ಯಾರೂ ಇಲ್ವಾ?" ಎನ್ನುತ್ತಿದ್ದಾರೆ. ಪತಿ ಪೇಟೆಯಿಂದ ಬರಲಿ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಅದನ್ನು ಈ ಮೂಲಕ ಹಿಂಪಡೆದಿದ್ದೇನೆ. ಲೇಖನವನ್ನು ಇಲ್ಲಿಗೆ ನಿಲ್ಲಿಸಿ ಎದ್ದೆ.

"ನಾನಿದ್ದೀನಲ್ಲ. ಎದೆ ಬಿಡಿ, ಈಚೆ ಬನ್ನಿ. ಹಿಂದ್ಗಡೆ ತೋರಿಸ್ತೀನಿ."